ಆಷಾಢದ ಬೀಜ, ಆಶ್ವಯುಜದ ಹೂ

ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಾಗಲಿ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ಚೆಂಡುಹೂವಿನ ರಾಶಿಗೆ ಲೆಕ್ಕವಿರುವುದಿಲ್ಲ. ಸ್ಕೂಟರಿನಿಂದ ಲಾರಿಯವರೆಗೆ, ಹೊಲಿಗೆ ಯಂತ್ರದಿಂದ ವರ್ಕ್‌ಶಾಪಿನ ಲೇತ್‌ವರೆಗೆ ಎಲ್ಲದಕ್ಕೂ ಅಂದು ಹಳದಿ, ಕೇಸರಿ ಮಾಲೆ. ಆ ಹೂ ಬೆಳೆದ ರೈತ ಬೀಜ ಹಾಕಿದ್ದು ಆಷಾಢದಲ್ಲಿ. ಬೀಜ ಮೊಳೆತು ನಾಟಿಗೆ ಬರುವಷ್ಟು ಸಸಿಯಾಗಲು ಮೂರ್ನಾಲ್ಕು ವಾರ, ನಾಟಿಯಾದ ಮೇಲೆ ಹೂ ಬಿಡಲು ಎರಡು ತಿಂಗಳು. ಆಷಾಢದಿಂದ ಆಶ್ವಯುಜಕ್ಕೆ ಇರುವ ಅಂತರವೂ ಅಷ್ಟೇ. ಹಬ್ಬದಿಂದ ಹಿಂದಕ್ಕೆ ಎಣಿಸಿ ಬೀಜ ಹಾಕುವ ಈ ಲೆಕ್ಕ ಹೂ ಬೆಳೆಗಾರರಿಗೆಲ್ಲ ಕರಗತ. ಅಂಗಳದಲ್ಲೋ ಟೆರೇಸಿನಲ್ಲೋ ಮೊದಲ ಸಲ ಬೀಜದಿಂದ ಹೂ ಬೆಳೆಸಲು ಹೊರಟವರಿಗೆ ಮಾತ್ರ ಇದನ್ನು ಹೇಳಿಕೊಡುವವರು ಕಡಿಮೆ.

ಬೇಸಿಗೆ ರಜೆಯಲ್ಲಿ ಬಿಡುವಿದೆ ಎಂದು ಬಣ್ಣದ ಚಿತ್ರವಿರುವ ಬೀಜದ ಪ್ಯಾಕೆಟ್ ತರುತ್ತಾರೆ. ಪ್ಯಾನ್ಸಿಯೋ ಪೆಟೂನಿಯಾವೋ ಇರುತ್ತದೆ. ಕುಂಡಕ್ಕೆ ಮಣ್ಣು ತುಂಬಿ, ಬೀಜ ಹೂತು, ದಿನಕ್ಕೆ ಎರಡು ಹೊತ್ತು ನೀರು ಹುಯ್ಯುತ್ತಾರೆ. ಏನೂ ಮೇಲೆ ಬರುವುದಿಲ್ಲ. ಬಂದರೂ ನಾಲ್ಕು ದಿನದಲ್ಲಿ ಕಮರುತ್ತದೆ. ‘ನನ್ನ ಕೈಗುಣವೇ ಸರಿಯಿಲ್ಲ’ ಎಂದು ಬೇಸರಪಟ್ಟು, ಮುಂದಿನ ಸಲ ನರ್ಸರಿಯಿಂದ ಹೂ ಬಿಟ್ಟ ಗಿಡವನ್ನೇ ತರುತ್ತಾರೆ. ಕೈಗುಣದಲ್ಲಿ ಯಾವ ದೋಷವೂ ಇರಲಿಲ್ಲ. ತಪ್ಪಿದ್ದು ಹೊತ್ತು. ಸರಿಯಾದ ತಿಂಗಳಲ್ಲಿ ಸರಿಯಾದ ಬೀಜ ಹಾಕಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಉಳಿದ ಕಾಲು ಭಾಗ ನೀರಿನ ಹದ.

ನಮ್ಮ ಮಳೆ, ನಮ್ಮ ಬಿಸಿಲು

ಹೂವಿನ ಬೀಜದ ಬಗ್ಗೆ ಓದಲು ಸಿಗುವ ಪುಸ್ತಕ, ನೋಡಲು ಸಿಗುವ ವಿಡಿಯೊ ಬಹುಪಾಲು ಇಂಗ್ಲೆಂಡ್, ಅಮೆರಿಕದಂಥ ಚಳಿ ದೇಶಗಳವು. ಅಲ್ಲಿನವರು ಹೆದರುವುದು ಹಿಮಕ್ಕೆ. ಹೊರಗೆ ನೆಲ ಹೆಪ್ಪುಗಟ್ಟಿರುವಾಗ ಮನೆಯೊಳಗೆ, ದೀಪದ ಕೆಳಗೆ ಸಸಿ ಮಾಡಿಕೊಂಡು, ಹಿಮ ಬೀಳುವುದು ನಿಂತ ಮೇಲೆ ತೋಟಕ್ಕೆ ಇಳಿಸುತ್ತಾರೆ. ಮಾರ್ಚ್, ಏಪ್ರಿಲ್ ಅವರಿಗೆ ಬಿತ್ತನೆಯ ಕಾಲ. ಅದನ್ನೇ ನಾವೂ ಅನುಸರಿಸಿದರೆ ಎಳೆ ಸಸಿ ನೇರ ಮೇ ತಿಂಗಳ ಬಿಸಿಲಿಗೆ ಬೀಳುತ್ತದೆ. ನಮ್ಮಲ್ಲಿ ಬೀಜ ವರ್ಷವಿಡೀ ಹೊರಗೇ ಮೊಳೆಯಬಲ್ಲದು. ನಮ್ಮ ಸಸಿಯನ್ನು ಕೆಡಿಸುವುದು ಎರಡೇ: ಬಡಿದು ಸುರಿಯುವ ಮಳೆ ಮತ್ತು ಕಡು ಬೇಸಿಗೆ. ಇವೆರಡರ ನಡುವಿನ ಬಿಡುವು ನೋಡಿಕೊಂಡು ಬೀಜ ಹಾಕಬೇಕು.

ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆಯ ಬಯಲುಸೀಮೆಗೆ ಇಂಥ ಮೂರು ಕಾಲಗಳಿವೆ. ಜೂನ್–ಜುಲೈ ಮೊದಲನೆಯದು. ಚೆಂಡುಹೂ, ಕರ್ಣಕುಂಡಲ, ಜೀನಿಯಾ, ಕೋಳಿಜುಟ್ಟು, ಕಾಸ್ಮಾಸ್ ಇವೆಲ್ಲ ಆಗ ಹಾಕುವಂಥವು. ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಅಂಗಳ ತುಂಬುವುದು ಇವುಗಳಿಂದಲೇ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಎರಡನೆಯದು. ಚಳಿಯಲ್ಲಿ ಅರಳುವ ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಪ್ಯಾನ್ಸಿ, ನಾಯಿಮೂತಿಯ ಹೂ ಎಂದು ಮಕ್ಕಳು ಒತ್ತಿ ಬಾಯಿ ತೆರೆಸುವ ಆಂಟಿರೈನಮ್, ನಸ್ಟರ್ಶಿಯಂಗಳಿಗೆ ಇದು ಸರಿಯಾದ ಹೊತ್ತು. ಸಂಕ್ರಾಂತಿ ಕಳೆದ ಮೇಲಿನ ಜನವರಿ–ಫೆಬ್ರುವರಿ ಮೂರನೆಯದು. ಬಿಸಿಲನ್ನು ತಡೆಯುವ ಟೇಬಲ್ ರೋಸ್, ಗೈಲಾರ್ಡಿಯಾ, ಸೂರ್ಯಕಾಂತಿ, ಮತ್ತೆ ಜೀನಿಯಾ ಆಗ ಬಿತ್ತಿದರೆ ಬೇಸಿಗೆಯ ಹೊತ್ತಿಗೆ ಬೇರೂರಿ ಗಟ್ಟಿಯಾಗಿರುತ್ತವೆ.

ಕರಾವಳಿ, ಮಲೆನಾಡಿನ ಲೆಕ್ಕ ಬೇರೆ. ಜೂನ್, ಜುಲೈ ಮಳೆಗೆ ಅಲ್ಲಿ ತೆರೆದ ಮಡಿಯಲ್ಲಿ ಸಣ್ಣ ಬೀಜ ನಿಲ್ಲುವುದೇ ಇಲ್ಲ. ಸೂರಿನಡಿ ಟ್ರೇಯಲ್ಲಿ ಸಸಿ ಮಾಡಿಕೊಳ್ಳಬೇಕು, ಇಲ್ಲವೇ ಮಳೆ ಇಳಿಮುಖವಾಗುವ ನವರಾತ್ರಿಯವರೆಗೆ ಕಾಯಬೇಕು. ಕಲಬುರಗಿ, ವಿಜಯಪುರದ ಬಿಸಿಲಿನಲ್ಲಿ ಮೂರನೆಯ ಬಿತ್ತನೆಯನ್ನು ಜನವರಿಯ ಮೊದಲ ವಾರಗಳಿಗೇ ತಂದುಕೊಳ್ಳುವುದು ಒಳ್ಳೆಯದು. ಮಘೆ, ಹುಬ್ಬೆ, ಹಸ್ತ ಎಂದು ಮಳೆಯ ಹೆಸರು ಹಿಡಿದು ಬಿತ್ತುವ ನಮ್ಮ ರೈತರ ಪಂಚಾಂಗ ಹೂವಿಗೂ ಸಲ್ಲುತ್ತದೆ.

ಯಾವ ಹೂವನ್ನು ಎಂದು ಹಾಕಬೇಕೆಂಬುದನ್ನು ಕಣ್ಣಿಂದ ನೋಡಿ ಕಲಿಯಬೇಕಾದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ವರ್ಷಕ್ಕೆ ಎರಡು ಬಾರಿ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಅದು ನಡೆಯುತ್ತದೆ. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜರ್ಮನಿಯ ಜಿ.ಎಚ್. ಕೃಂಬಿಗಲ್ 1912ರಲ್ಲಿ ಕಟ್ಟಿದ ಮೈಸೂರು ಉದ್ಯಾನಕಲಾ ಸಂಘ ಈಗಲೂ ತೋಟಗಾರಿಕೆ ಇಲಾಖೆಯ ಜೊತೆ ನಿಂತು ಅದನ್ನು ನಡೆಸುತ್ತದೆ. ಗಾಜಿನಮನೆಯೊಳಗಿನ ದೊಡ್ಡ ಕಲಾಕೃತಿಯನ್ನು ನೋಡಲು ನೂಕುನುಗ್ಗಲಿರುತ್ತದೆ. ಹೊರಗಿನ ಮಡಿಗಳ ಮುಂದೆ ನಿಲ್ಲುವವರು ಕಡಿಮೆ. ಹೊಸಬರು ಆ ಮಡಿಗಳ ಮುಂದೆ ಅರ್ಧ ಗಂಟೆ ನಿಂತು ಗಿಡಗಳ ಹೆಸರು ಬರೆದುಕೊಳ್ಳಲಿ. ಜನವರಿ ಪ್ರದರ್ಶನದಲ್ಲಿ ತುಂಬಿ ಅರಳಿದ ವಾರ್ಷಿಕ ಹೂಗಿಡಗಳು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಜ ಹಾಕಿದವು. ಆಗಸ್ಟಿನಲ್ಲಿ ಅರಳಿದವು ಮೇ, ಜೂನಿನವು. ಹೂವಿನಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ ನಿಮ್ಮ ಬಿತ್ತನೆಯ ಪಟ್ಟಿ ಸಿದ್ಧ.

ಹೊತ್ತಿನ ಮಾತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲವು ಗಿಡ ಹಗಲಿನ ಉದ್ದ ನೋಡಿ ಹೂ ಬಿಡುತ್ತವೆ. ಬೆಂಗಳೂರಿನಲ್ಲಿ ಜೂನಿನ ಹಗಲಿಗೂ ಡಿಸೆಂಬರಿನ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯಷ್ಟು. ನಮ್ಮ ಗಮನಕ್ಕೆ ಬಾರದ ಈ ವ್ಯತ್ಯಾಸ ಕಾಸ್ಮಾಸ್ ಗಿಡಕ್ಕೆ ಗೊತ್ತಾಗುತ್ತದೆ. ಹಗಲು ಕಿರಿದಾಗುತ್ತಿದ್ದಂತೆ ಅದು ಮೊಗ್ಗಿಗೆ ತಿರುಗುತ್ತದೆ. ಮೇ ತಿಂಗಳಲ್ಲಿ ಹಾಕಿದರೆ ಆಳೆತ್ತರ ಬೆಳೆದು, ಗಾಳಿಗೆ ಬಾಗಿ, ತಡವಾಗಿ ಹೂ ಬಿಡುತ್ತದೆ. ಆಗಸ್ಟಿನಲ್ಲಿ ಹಾಕಿದ್ದು ಮೊಣಕಾಲೆತ್ತರದಲ್ಲೇ ಬೇಗ ಅರಳುತ್ತದೆ. ಕುಂಡದಲ್ಲಿ ಬೆಳೆಸುವವರಿಗೆ ಆಗಸ್ಟಿನ ಬಿತ್ತನೆಯೇ ಮೇಲು.

ಯಾವುದರಿಂದ ಶುರು ಮಾಡಬೇಕು?

ಕೈಯಲ್ಲಿ ಹಿಡಿದು ಎಣಿಸಬಹುದಾದ ಬೀಜದಿಂದ. ಸೂರ್ಯಕಾಂತಿಯ ಬೀಜ ಒಂದು ಗ್ರಾಂಗೆ ಇಪ್ಪತ್ತರ ಆಸುಪಾಸು ಬರುತ್ತದೆ. ಚೆಂಡುಹೂವಿನದು ಸುಮಾರು 300. ಪೆಟೂನಿಯಾದ್ದು 10,000! ಧೂಳಿನಂಥ ಆ ಬೀಜ ಉಸಿರು ತಾಗಿದರೂ ಹಾರುತ್ತದೆ. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಮೊದಲ ವರ್ಷಕ್ಕೆ ಐದು ಸಾಕು: ಚೆಂಡುಹೂ, ಜೀನಿಯಾ, ಕರ್ಣಕುಂಡಲ, ಕಾಸ್ಮಾಸ್ ಮತ್ತು ಶಂಖಪುಷ್ಪ.

ಚೆಂಡುಹೂವಿಲ್ಲದೆ ನಮ್ಮಲ್ಲಿ ತೋರಣವಿಲ್ಲ, ಪೂಜೆಯಿಲ್ಲ. ಗುಂಡ್ಲುಪೇಟೆಯ ಹೆದ್ದಾರಿಯ ಎರಡೂ ಬದಿ ಮಳೆಗಾಲದಲ್ಲಿ ಕೇಸರಿ ಹಾಸು ಹಾಸುವುದೂ ಅದೇ. ಆದರೆ ಅದರ ಮೂಲ ಮೆಕ್ಸಿಕೊ. ಜೀನಿಯಾ, ಕಾಸ್ಮಾಸ್ ಕೂಡ ಅಲ್ಲಿನವೇ. ಬಿಸಿಲು ಚೆನ್ನಾಗಿರುವ, ಮಳೆ ಹಂಗಾಮಿಗೆ ಕಟ್ಟುಬಿದ್ದ ನಾಡಿನ ಗಿಡಗಳಾದ್ದರಿಂದ ನಮ್ಮ ದಖ್ಖನ್ ಪ್ರಸ್ಥಭೂಮಿಗೆ ಸುಲಭವಾಗಿ ಒಗ್ಗಿಕೊಂಡವು. ಕರ್ಣಕುಂಡಲ ಮಾತ್ರ ನಮ್ಮ ನೆಲದ್ದೇ. ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಕೆಲವೆಡೆ ಅದನ್ನು ಗೌರಿಹೂ ಎಂದೂ ಕರೆಯುತ್ತಾರೆ. ಜೂನ್ ನಡುವಿನಲ್ಲಿ ಬೀಜ ಹಾಕಿದರೆ ಎರಡು ತಿಂಗಳಲ್ಲಿ ಕಾಂಡದುದ್ದಕ್ಕೂ ಎಲೆಯ ಕಂಕುಳಲ್ಲಿ ಗುಲಾಬಿ, ಬಿಳಿ, ಕೆಂಪು ಹೂ. ಅರ್ಧ ಹೊತ್ತಿನ ಬಿಸಿಲೂ ಅದಕ್ಕೆ ನಡೆಯುತ್ತದೆ. ಉಳಿದ ನಾಲ್ಕಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು.

ಇವುಗಳಲ್ಲಿ ಅವಸರದ ಗಿಡ ಜೀನಿಯಾ. ನಾಲ್ಕೈದು ದಿನದಲ್ಲಿ ಮೊಳೆತು, ಎರಡು ತಿಂಗಳಲ್ಲಿ ಹೂ ಕೊಡುತ್ತದೆ. ಗಿಡ್ಡ ಜಾತಿಯ ಚೆಂಡುಹೂವೂ ಅಷ್ಟೇ ಬೇಗ. ಮಾಲೆ ಕಟ್ಟುವ ದೊಡ್ಡ ಚೆಂಡಿಗೆ ಮಾತ್ರ ಮೂರು ತಿಂಗಳು. ಮಕ್ಕಳ ಕೈಯಲ್ಲಿ ಬಿತ್ತಿಸುವುದಾದರೆ ಜೀನಿಯಾ ಅಥವಾ ಸೂರ್ಯಕಾಂತಿ ಕೊಡಿ. ಬೇಗ ಮೇಲೆ ಬರುವ ಬೀಜವೇ ಮಗುವನ್ನು ಮರುದಿನವೂ ಕುಂಡದ ಹತ್ತಿರ ಕರೆಯುತ್ತದೆ.

ಬೀಜ ಕೇಳುವುದೇನು?

ಒಂದು ಚೆಂಡುಹೂವಿನ ಬೀಜವನ್ನು ಅಂಗೈ ಮೇಲೆ ಇಟ್ಟು ನೋಡಿ. ಉಗುರಿನಷ್ಟು ಉದ್ದದ ಸಪೂರ ಕಪ್ಪು ಕಡ್ಡಿ, ಅದರ ಒಂದು ತುದಿಗೆ ಒಣಹುಲ್ಲಿನ ಬಣ್ಣದ ಕುಚ್ಚು. ಮಣ್ಣಿಗೆ ಸೇರಿಸಬೇಕಾದ್ದು ಕಪ್ಪು ಭಾಗ. ಆ ಕಡ್ಡಿಯೊಳಗೆ ಎರಡು ಬೀಜದಳ, ಒಂದು ಬೇರಿನ ಮೂಲ, ಒಂದು ಕುಡಿ ಮಡಿಚಿ ಕುಳಿತಿವೆ. ಒಣಗಿರುವಾಗ ಒಳಗಿನ ಬದುಕು ತೀರ ನಿಧಾನ. ನೀರು ಒಳಹೊಕ್ಕು ಬೀಜ ಉಬ್ಬಿತೆಂದರೆ ಕೆಲವೇ ಗಂಟೆಗಳಲ್ಲಿ ಒಳಗಿನ ಕಿಣ್ವಗಳು ಎಚ್ಚೆತ್ತು, ಕೂಡಿಟ್ಟ ಆಹಾರವನ್ನು ಕರಗಿಸಿ ಭ್ರೂಣಕ್ಕೆ ಉಣಿಸತೊಡಗುತ್ತವೆ. ಮೊದಲು ಹೊರಬರುವುದು ಬೇರು. ಆಮೇಲೆ ಬಿಳಿಯ ಎಳೆಕಾಂಡ ಕೊಕ್ಕೆಯಂತೆ ಬಾಗಿ, ಬೆನ್ನಿನಿಂದ ಮಣ್ಣನ್ನು ಸರಿಸಿ, ಬೀಜದಳಗಳನ್ನು ಹಿಂದಿನಿಂದ ಎಳೆದುಕೊಂಡು ಮೇಲೆ ಬರುತ್ತದೆ. ಬೆಳಕು ಬಿದ್ದ ಮೇಲೆಯೇ ಅದು ನೆಟ್ಟಗಾಗುವುದು, ಹಸಿರಾಗುವುದು.

ಒಮ್ಮೆ ನೀರು ಹೀರಿ ಎಚ್ಚೆತ್ತ ಬೀಜ ಮತ್ತೆ ಒಣಗಿದರೆ ಸಾಯುತ್ತದೆ. ಬಿತ್ತಿದ ದಿನ ಧಾರಾಳವಾಗಿ ನೀರು ಕೊಟ್ಟು, ಮೂರನೆಯ ದಿನ ಮರೆತು, ನಾಲ್ಕನೆಯ ದಿನ ಮತ್ತೆ ಧಾರಾಳ ಮಾಡುವುದರಿಂದಲೇ ಬಹಳಷ್ಟು ಬೀಜ ಹಾಳಾಗುತ್ತವೆ. ನೀರು ನಿಂತರೂ ಕಷ್ಟ. ಮಣ್ಣಿನ ಸಂದಿಯಲ್ಲಿ ಗಾಳಿ ಇಲ್ಲದಿದ್ದರೆ ಬೀಜ ಉಸಿರಾಡಲಾರದೆ ಕೊಳೆಯುತ್ತದೆ. ಮಳೆಯಾದ ಮೇಲೆ ನೆಲ ಬಿತ್ತನೆಗೆ ಬಂದಿದೆಯೇ ಎಂದು ರೈತರು ಹಿಡಿ ಮಣ್ಣು ಹಿಂಡಿ ನೋಡುವುದುಂಟು. ಮುಷ್ಟಿಯಲ್ಲಿ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು, ಅಂಗೈಗೆ ನೀರು ಅಂಟಬಾರದು. ಕುಂಡದ ಬೀಜಕ್ಕೂ ಅದೇ ಹದ.

ಎಷ್ಟು ಆಳಕ್ಕೆ ಹಾಕಬೇಕೆಂಬುದಕ್ಕೆ ಬೀಜದ ಗಾತ್ರವೇ ಅಳತೆ: ಬೀಜದ ದಪ್ಪದ ಎರಡು ಮೂರು ಪಟ್ಟು. ಸೂರ್ಯಕಾಂತಿ ಬೆರಳಿನ ಮೊದಲ ಗೆಣ್ಣಿನಷ್ಟು ಆಳ ಹೋಗಬಹುದು. ಚೆಂಡುಹೂ, ಜೀನಿಯಾಗಳಿಗೆ ಅರ್ಧ ಸೆಂಟಿಮೀಟರ್ ಹೊದಿಕೆ ಸಾಕು. ಪೆಟೂನಿಯಾ, ಆಂಟಿರೈನಮ್‌ಗಳಂಥ ಧೂಳು ಬೀಜಕ್ಕೆ ಹೊದಿಕೆಯೇ ಬೇಡ. ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಆಯಿತು. ಅಷ್ಟು ಚಿಕ್ಕ ಬೀಜದಲ್ಲಿ ಆಹಾರದ ದಾಸ್ತಾನು ತೀರ ಕಡಿಮೆ. ಆಳದಿಂದ ಮೇಲೆ ಬರುವಷ್ಟರಲ್ಲಿ ಅದು ತೀರಿಹೋಗುತ್ತದೆ. ಅದಕ್ಕೇ ಅವು ಬೆಳಕು ಕಂಡರೆ ಮಾತ್ರ ಮೊಳೆಯುವ ಏರ್ಪಾಡು ಮಾಡಿಕೊಂಡಿವೆ. ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ವಿಜ್ಞಾನಿಗಳು 1952ರಲ್ಲಿ ಲೆಟ್ಯೂಸ್ ಬೀಜಗಳ ಮೇಲೆ ಕೆಂಪು ಬೆಳಕು ಹಾಯಿಸಿ ಇದರ ಗುಟ್ಟು ಬಿಡಿಸಿದರು. ಕೆಂಪು ಬೆಳಕಿಗೆ ಬೀಜ ಮೊಳೆಯಿತು. ಕಣ್ಣಿಗೆ ಅಷ್ಟಾಗಿ ಕಾಣದ ದೂರಕೆಂಪು ಬೆಳಕಿಗೆ ಸುಮ್ಮನಾಯಿತು. ಬೀಜದೊಳಗಿನ ಒಂದು ವರ್ಣದ್ರವ್ಯ ಈ ಬೆಳಕನ್ನು ಗುರುತಿಸುತ್ತದೆ. ಅದಕ್ಕೆ ಮುಂದೆ ಫೈಟೊಕ್ರೋಮ್ ಎಂಬ ಹೆಸರು ಬಂತು. ಇದಕ್ಕೆ ತದ್ವಿರುದ್ಧವಾಗಿ ನಿತ್ಯಪುಷ್ಪ, ಪ್ಯಾನ್ಸಿ, ಫ್ಲಾಕ್ಸ್‌ಗಳಿಗೆ ಕತ್ತಲೆ ಹಿತ. ಅವುಗಳ ಮೇಲೆ ತೆಳುವಾಗಿ ಮಣ್ಣು ಮುಚ್ಚಲೇಬೇಕು.

ಶಂಖಪುಷ್ಪದ್ದು ಬೇರೆ ಕಥೆ. ಅದು ದ್ವಿದಳ ಧಾನ್ಯಗಳ ಕುಟುಂಬದ್ದು, ಸಿಪ್ಪೆ ಗಟ್ಟಿ, ನೀರು ಒಳಗಿಳಿಯುವುದಿಲ್ಲ. ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಎರಡು ಸಲ ಉಜ್ಜಿ, ರಾತ್ರಿಯಿಡೀ ನೆನೆಸಿಡಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನಷ್ಟೇ ಆರಿಸಿ ನೆಡಿ. ಉಬ್ಬದವನ್ನು ಇನ್ನೊಮ್ಮೆ ಉಜ್ಜಿ.

ಸಸಿಮಡಿಯ ಕೆಲಸ

ತೋಟದ ಮಣ್ಣನ್ನು ಹಾಗೆಯೇ ಟ್ರೇಗೆ ತುಂಬಿದರೆ ನೀರು ಬಿದ್ದು ಗಟ್ಟಿಯಾಗುತ್ತದೆ, ಜೊತೆಗೆ ರೋಗವನ್ನೂ ತರುತ್ತದೆ. ತೆಂಗಿನ ನಾರಿನ ಪುಡಿ ಎರಡು ಪಾಲು, ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು ಪಾಲು ಬೆರೆಸಿಕೊಳ್ಳಿ. ಇಟ್ಟಿಗೆಯಾಗಿ ಸಿಗುವ ಕೋಕೋಪೀಟ್ ಆದರೆ ನೀರಿನಲ್ಲಿ ನೆನೆಸಿ, ಒಂದೆರಡು ಸಲ ತೊಳೆದು ಹಿಂಡಿ ಬಳಸಿ. ಅದರಲ್ಲಿ ಉಪ್ಪಿನಂಶ ಉಳಿದಿರುವುದುಂಟು. ತರಕಾರಿ ಸಸಿ ಬೆಳೆಸುವವರು ಬಳಸುವ ಪ್ರೋಟ್ರೇ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ತಳಕ್ಕೆ ತೂತು ಮಾಡಿದ ಮೊಸರಿನ ಡಬ್ಬಿ, ಕಾಗದದ ಲೋಟ, ಹಳೆಯ ಪ್ಲಾಸ್ಟಿಕ್ ಬುಟ್ಟಿ ಏನಾದರೂ ನಡೆಯುತ್ತದೆ. ತಳದಲ್ಲಿ ತೂತಿರಬೇಕು, ಅಷ್ಟೇ ಮುಖ್ಯ.

ಎಳ್ಳು ಬಿತ್ತುವಾಗ ರೈತರು ಬೀಜಕ್ಕೆ ಮರಳು ಬೆರೆಸಿ ಬಿತ್ತುತ್ತಾರೆ. ಬೀಜ ಒಂದೇ ಕಡೆ ಗುಂಪಾಗದೆ ಹರಡಿ ಬೀಳುತ್ತದೆ. ಸಣ್ಣ ಹೂವಿನ ಬೀಜಕ್ಕೂ ಈ ಉಪಾಯವೇ ಸರಿ. ಬಿತ್ತಿದ ಮೇಲೆ ನೀರನ್ನು ಚೊಂಬಿನಿಂದ ಹುಯ್ಯಬೇಡಿ. ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಹತ್ತಾರು ತೂತು ಮಾಡಿ ಚಿಮುಕಿಸಿ. ಇಲ್ಲವೇ ಟ್ರೇಯನ್ನು ನೀರಿರುವ ತಟ್ಟೆಯಲ್ಲಿ ಕಾಲು ಗಂಟೆ ಇಟ್ಟು, ಕೆಳಗಿನಿಂದ ತೇವ ಏರಿದ ಮೇಲೆ ಎತ್ತಿಡಿ. ಮೊಳೆಯುವವರೆಗೆ ಮೇಲೊಂದು ಪತ್ರಿಕೆಯ ಹಾಳೆ ಹೊದಿಸಿದರೆ ತೇವ ನಿಲ್ಲುತ್ತದೆ. ಬೆಳಕು ಬೇಕಾದ ಬೀಜಕ್ಕಾದರೆ ಪಾರದರ್ಶಕ ಪ್ಲಾಸ್ಟಿಕ್. ಮೊದಲ ಮೊಳಕೆ ಕಂಡ ದಿನವೇ ಹೊದಿಕೆ ತೆಗೆಯಬೇಕು. ಒಂದು ದಿನ ತಡವಾದರೂ ಸಸಿ ಬೆಳಕು ಹುಡುಕುತ್ತ ನೂಲಿನಂತೆ ಉದ್ದವಾಗಿ ಬಿದ್ದುಹೋಗುತ್ತದೆ. ಅಂಥ ಸಸಿ ಮತ್ತೆ ಸರಿಹೋಗುವುದು ಕಷ್ಟ.

ನಮ್ಮ ಮನೆಗಳಲ್ಲಿ ಬೀಜದ ಮೊದಲ ಕಳ್ಳ ಇರುವೆ. ಸಂಜೆ ಬಿತ್ತಿದ ಜೀನಿಯಾ, ಚೆಂಡುಹೂವಿನ ಬೀಜಗಳು ಬೆಳಗಾಗುವುದರೊಳಗೆ ಸಾಲುಗಟ್ಟಿ ಗೂಡು ಸೇರಿರುತ್ತವೆ. ಮೊಳೆಯಲಿಲ್ಲ ಎಂದು ಬೀಜದ ಮೇಲೆ ತಪ್ಪು ಹೊರಿಸುವ ಮೊದಲು ಮಣ್ಣು ಕೆದಕಿ ನೋಡಿ. ನೀರಿರುವ ಅಗಲವಾದ ತಟ್ಟೆಯಲ್ಲಿ ಎರಡು ಇಟ್ಟಿಗೆ ಇಟ್ಟು ಅದರ ಮೇಲೆ ಟ್ರೇ ಇಟ್ಟರೆ ಇರುವೆ ದಾಟಲಾರದು. ಮಳೆಗಾಲದಲ್ಲಿ ಬಸವನಹುಳು ಒಂದೇ ರಾತ್ರಿಯಲ್ಲಿ ಸಸಿಗಳ ತಲೆಯನ್ನೆಲ್ಲ ಮೇಯುತ್ತದೆ. ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೇ ಮನೆಯ ಮಟ್ಟಕ್ಕೆ ಸರಿಯಾದ ಉಪಾಯ.

ಇವೆರಡಕ್ಕಿಂತ ಹೆಚ್ಚು ಸಸಿಗಳನ್ನು ಕೊಲ್ಲುವುದು ಬುಡಕೊಳೆ ರೋಗ. ನಿನ್ನೆ ಸಂಜೆ ನೆಟ್ಟಗಿದ್ದ ಸಸಿ ಇಂದು ಬೆಳಿಗ್ಗೆ ಮಣ್ಣಿನ ಮಟ್ಟದಲ್ಲಿ ಸೊರಗಿ, ನೀರುಗಟ್ಟಿ, ಮಲಗಿರುತ್ತದೆ. ಪಿಥಿಯಂ, ರೈಜೊಕ್ಟೋನಿಯಾದಂಥ ಸೂಕ್ಷ್ಮ ಜೀವಿಗಳ ಕೆಲಸ ಅದು. ಒತ್ತೊತ್ತಾಗಿ ಬಿತ್ತಿದ್ದು, ಸಂಜೆ ನೀರು ಕೊಟ್ಟು ರಾತ್ರಿಯೆಲ್ಲ ಎಲೆ ಒದ್ದೆ ಇದ್ದದ್ದು, ಗಾಳಿಯಾಡದ ಮೂಲೆ – ಇವು ಆ ರೋಗವನ್ನು ಕರೆದು ತರುತ್ತವೆ. ಬಿದ್ದ ಸಸಿ ಬದುಕುವುದಿಲ್ಲ. ಅದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು, ಎರಡು ದಿನ ನೀರು ಕಡಿಮೆ ಮಾಡಿ, ಟ್ರೇಯನ್ನು ಗಾಳಿ ಬೆಳಕಿಗೆ ಇಟ್ಟರೆ ಉಳಿದವು ಉಳಿಯುತ್ತವೆ. ಬಿತ್ತುವ ಮೊದಲೇ ಮಿಶ್ರಣಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸುವುದು, ಬೆಳಗಿನ ಹೊತ್ತು ಮಾತ್ರ ನೀರು ಕೊಡುವುದು ಒಳ್ಳೆಯ ರೂಢಿ. ನೀರು ಕೊಡುವ ಮೊದಲು ಬೆರಳು ತಾಗಿಸಿ ನೋಡಿ, ಒದ್ದೆಯಿದ್ದರೆ ಸುಮ್ಮನಿರಿ. ಹೊಸಬರಿಗೆ ಸುಮ್ಮನಿರುವುದೇ ಕಷ್ಟದ ಕೆಲಸ. ಆದರೆ ಸಸಿಯನ್ನು ಉಳಿಸುವುದು ಅದೇ.

ನಾಟಿ, ಚಿವುಟು, ಕೊಯ್ಲು

ಮೊದಲು ಕಾಣುವ ದುಂಡನೆಯ ಜೋಡಿ ಬೀಜದಳ. ಅದರ ನಡುವಿನಿಂದ ಬರುವುದು ನಿಜವಾದ ಎಲೆ. ಅಂಥ ನಾಲ್ಕಾರು ಎಲೆ ಬಂದ ಸಸಿ ನಾಟಿಗೆ ಸಿದ್ಧ. ಅದಕ್ಕೆ ಮೊದಲು ಒಂದು ವಾರ ಬಿಸಿಲಿಗೆ ಒಗ್ಗಿಸಬೇಕು. ಮೊದಲ ದಿನ ಎಳೆಬಿಸಿಲು ಒಂದು ಗಂಟೆ, ಆಮೇಲೆ ಎರಡು, ಹೀಗೆ. ಸೂರಿನಡಿ ಬೆಳೆದ ಸಸಿಯನ್ನು ನೇರ ಟೆರೇಸಿನ ನಡುಮಧ್ಯಾಹ್ನಕ್ಕೆ ಇಟ್ಟರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ. ನಾಟಿಗೆ ಸಂಜೆ ಹೊತ್ತು ಸರಿ, ಮೋಡವಿದ್ದರೆ ಇನ್ನೂ ಒಳ್ಳೆಯದು. ಸಸಿಯನ್ನು ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ. ಕಾಂಡ ನಜ್ಜಾದರೆ ಗಿಡವೇ ಹೋಯಿತು. ಸೂರ್ಯಕಾಂತಿ, ನಸ್ಟರ್ಶಿಯಂಗಳಿಗೆ ಬೇರು ಕದಲಿಸಿದರೆ ಆಗದು. ಅವನ್ನು ಬೆಳೆಯುವ ಜಾಗದಲ್ಲೇ ಬಿತ್ತಿ.

ದೊಡ್ಡ ಚೆಂಡುಹೂವಿಗೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬೇಕು, ಜೀನಿಯಾಗೆ ಒಂದು ಅಡಿ. ಕುಂಡವಾದರೆ ಹತ್ತಿಂಚಿನದಕ್ಕೆ ಒಂದೇ ಗಿಡ. ಮೊಳೆತ ಸಸಿಗಳನ್ನೆಲ್ಲ ಉಳಿಸಿಕೊಳ್ಳುವ ಆಸೆಯಿಂದ ಒಂದು ಕುಂಡಕ್ಕೆ ನಾಲ್ಕು ನೆಟ್ಟರೆ ನಾಲ್ಕೂ ಸೊರಗುತ್ತವೆ. ಹೆಚ್ಚಾದವನ್ನು ನೆರೆಮನೆಗೆ ಕೊಡಿ.

ಗೇಣುದ್ದ ಬೆಳೆದ ಚೆಂಡುಹೂ, ಜೀನಿಯಾ, ಕಾಸ್ಮಾಸ್‌ಗಳ ಕುಡಿ ಚಿವುಟಬೇಕು. ತುದಿಯ ಕುಡಿ ಕೆಳಗಿನ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ಅದು ಹೋದೊಡನೆ ಪ್ರತಿ ಎಲೆಯ ಕಂಕುಳಿಂದ ಕವಲು ಹೊರಡುತ್ತದೆ. ಹೂ ಒಂದು ವಾರ ತಡವಾಗಬಹುದು, ಆದರೆ ಒಂದರ ಜಾಗದಲ್ಲಿ ಹತ್ತು ಬರುತ್ತವೆ. ಗೊಬ್ಬರದಲ್ಲಿ ಕೈ ಬಿಗಿ ಹಿಡಿಯಿರಿ. ಸಾರಜನಕ ಹೆಚ್ಚಾದ ಗಿಡ ಸೊಪ್ಪಾಗಿ ಬೆಳೆಯುತ್ತದೆ, ಹೂ ಬಿಡುವುದಿಲ್ಲ. ಕಾಸ್ಮಾಸ್ ಅಂತೂ ಬಡ ಮಣ್ಣಿನಲ್ಲೇ ಚೆನ್ನಾಗಿ ಅರಳುತ್ತದೆ. ಬಾಡಿದ ಹೂಗಳನ್ನು ಕೀಳುತ್ತಿರಬೇಕು. ಬೀಜ ಕಟ್ಟಿದ ಗಿಡಕ್ಕೆ ಮತ್ತೆ ಹೂ ಬಿಡುವ ಅಗತ್ಯವಿಲ್ಲ. ಬೀಜ ಕಟ್ಟಲು ಬಿಡದಿದ್ದರೆ ಅದು ಮತ್ತೆ ಮತ್ತೆ ಹೂ ಬಿಡುತ್ತದೆ.

ಪ್ಯಾಕೆಟ್ ಓದುವುದು

ಅಂಗಡಿಯಲ್ಲಿ ಚಿತ್ರಕ್ಕಿಂತ ಮೊದಲು ಪ್ಯಾಕೆಟ್ಟಿನ ಹಿಂಬದಿ ನೋಡಿ. ಬೀಜ ಪರೀಕ್ಷೆಯಾದ ದಿನಾಂಕ, ಅವಧಿ, ಮೊಳೆಯುವ ಶೇಕಡಾವಾರು ಅಲ್ಲಿರುತ್ತದೆ. ಚೆಂಡುಹೂ, ಜೀನಿಯಾ ಬೀಜ ಎರಡು ಮೂರು ವರ್ಷ ತಾಳುತ್ತದೆ. ಆಸ್ಟರ್ ಬೀಜ ಒಂದು ವರ್ಷ ಕಳೆದರೆ ನಂಬುವಂತಿಲ್ಲ. ಮನೆಯಲ್ಲಿರುವ ಹಳೆಯ ಬೀಜದ ಬಗ್ಗೆ ಅನುಮಾನವಿದ್ದರೆ ಹೆಸರುಕಾಳು ಮೊಳಕೆ ಕಟ್ಟುವಂತೆ ಹತ್ತು ಬೀಜ ಒದ್ದೆಬಟ್ಟೆಯಲ್ಲಿ ಕಟ್ಟಿಡಿ. ವಾರದಲ್ಲಿ ಆರಕ್ಕಿಂತ ಹೆಚ್ಚು ಮೊಳೆತರೆ ಬಿತ್ತಬಹುದು.

‘ಎಫ್1 ಹೈಬ್ರಿಡ್’ ಎಂದು ಬರೆದಿದ್ದರೆ ಅದು ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ತೆಗೆದ ಮೊದಲ ಪೀಳಿಗೆಯ ಬೀಜ. ಗಿಡಗಳೆಲ್ಲ ಒಂದೇ ಎತ್ತರ, ಒಂದೇ ಬಣ್ಣ, ತುಂಬು ಹೂ. ಈ ವಿದ್ಯೆಗೂ ಬೆಂಗಳೂರಿಗೂ ಹಳೆಯ ನಂಟು. ಮನಮೋಹನ ಅತ್ತಾವರ 1965ರಲ್ಲಿ ಇಲ್ಲಿ ಇಂಡೋ–ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆರಂಭಿಸಿದರು. ಹೂವಿನ ಹೈಬ್ರಿಡ್ ಬೀಜ ಇಲ್ಲಿಂದ ವಿದೇಶಗಳಿಗೆ ಹೋಗತೊಡಗಿತು. ಹೂ ಬಿರಿಯುವ ಮೊದಲೇ ಮೊಗ್ಗು ಬಿಡಿಸಿ ಕೇಸರಗಳನ್ನು ಚಿಮಟದಿಂದ ಕಿತ್ತು, ಇನ್ನೊಂದು ಗಿಡದ ಪರಾಗವನ್ನು ಕೈಯಾರೆ ಸವರುವ ಕೆಲಸ ಅದು. ನಾಜೂಕು ಬೆರಳು, ತಾಳ್ಮೆ ಎರಡೂ ಬೇಕು. ಆ ಬೀಜದ ಬೆಲೆ ಹೆಚ್ಚಿರುವುದಕ್ಕೆ ಈ ಕೈಕೆಲಸವೂ ಕಾರಣ. ಆದರೆ ಎಫ್1 ಗಿಡದಿಂದ ನೀವು ಎತ್ತಿಟ್ಟ ಬೀಜ ಮುಂದಿನ ವರ್ಷ ತಾಯಿಯನ್ನು ಹೋಲುವುದಿಲ್ಲ. ಎತ್ತರ, ಬಣ್ಣ, ಎಸಳು ಎಲ್ಲ ಚದುರಿಹೋಗುತ್ತವೆ.

ಬೀಜ ಎತ್ತಿಡಬೇಕೆನ್ನುವವರಿಗೆ ಮುಕ್ತ ಪರಾಗಸ್ಪರ್ಶದ ತಳಿಗಳು ಬೇಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ‘ಪೂಸಾ ನಾರಂಗಿ’, ‘ಪೂಸಾ ಬಸಂತಿ’ ಚೆಂಡುಹೂಗಳು ಅಂಥವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟಿರುವ ಆಸ್ಟರ್ ತಳಿಗಳು – ಗುಲಾಬಿ ಬಣ್ಣದ ಕಾಮಿನಿ, ಬಿಳಿಯ ಪೂರ್ಣಿಮಾ, ಕೆನೆಬಿಳಿಯ ಶಶಾಂಕ, ನೇರಳೆಯ ವೈಲೆಟ್ ಕುಷನ್ – ನಮ್ಮ ಹವೆಗೆ ಹದವಾದವು. ಆಸ್ಟರ್ ಬಿತ್ತಿದ ಮೇಲೆ ಹೂ ನೋಡಲು ಮೂರೂವರೆ ತಿಂಗಳು ಕಾಯಬೇಕು. ಅದೂ ಎರಡನೆಯ ವರ್ಷದ ಪಟ್ಟಿಗೆ ಸೇರಲಿ.

ಮನೆಯ ಬೀಜ

ಹಳ್ಳಿಗಳಲ್ಲಿ ಹೂವಿನ ಬೀಜವನ್ನು ಯಾರೂ ದುಡ್ಡು ಕೊಟ್ಟು ತಂದವರಲ್ಲ. ಅತ್ತೆಮನೆಯ ಕರ್ಣಕುಂಡಲ, ತವರಿನ ಸಂಜೆಮಲ್ಲಿಗೆ, ಪಕ್ಕದ ಮನೆಯವರು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟ ಕೋಳಿಜುಟ್ಟು – ಹೀಗೆ ಮನೆಯಿಂದ ಮನೆಗೆ ಹೋಗುತ್ತಿತ್ತು. ಹಾಗೆ ವರ್ಷ ವರ್ಷ ಅದೇ ಮಣ್ಣು, ಅದೇ ಮಳೆಯಲ್ಲಿ ಬೆಳೆದು, ಅದರಲ್ಲೇ ಚೆನ್ನಾಗಿ ಬಂದ ಗಿಡದ ಬೀಜವನ್ನೇ ಆರಿಸಿ ಇಟ್ಟಿದ್ದರಿಂದ ಆ ಗಿಡಗಳಿಗೆ ಆರೈಕೆಯೂ ಹೆಚ್ಚು ಬೇಕಿರಲಿಲ್ಲ. ಪ್ಯಾಕೆಟ್ಟಿನ ದೊಡ್ಡ ಎಸಳಿನ ಹೂಗಳು ಬಂದ ಮೇಲೆ ಒಂಟಿ ಎಸಳಿನ ಹಳೆಯ ಕರ್ಣಕುಂಡಲ ಎಷ್ಟೋ ಊರುಗಳಲ್ಲಿ ಕಾಣುತ್ತಿಲ್ಲ. ಒಂಟಿ ಎಸಳಿನ ಹೂವಿನಲ್ಲಿ ಜೇನಿಗೂ ಚಿಟ್ಟೆಗೂ ಮಕರಂದ ಸುಲಭವಾಗಿ ಸಿಗುತ್ತದೆ. ಊರಿಗೆ ಹೋದಾಗ ಹಿತ್ತಿಲಲ್ಲಿ ಆ ಗಿಡ ಕಂಡರೆ ಬೀಜ ಕೇಳಿ ತನ್ನಿ.

ಕರ್ಣಕುಂಡಲದ ಬೀಜ ತೆಗೆಯುವುದಕ್ಕೆ ಒಂದು ಉಪಾಯ ಬೇಕು. ಅದರ ಕಾಯಿ ಹಸಿರಾಗಿ, ಉಬ್ಬಿ, ಮೈಮೇಲೆ ನವಿರಾದ ರೋಮ ಹೊತ್ತಿರುತ್ತದೆ. ಬಲಿತು ಹಳದಿಗೆ ತಿರುಗಿದ ಕಾಯಿಯನ್ನು ಮುಟ್ಟುವುದೇ ತಡ, ಐದು ಹೋಳುಗಳೂ ಒಳಮುಖವಾಗಿ ಸುರುಳಿ ಸುತ್ತಿ, ಕಂದು ಬೀಜಗಳು ಅಡಿಗಟ್ಟಲೆ ದೂರಕ್ಕೆ ಸಿಡಿಯುತ್ತವೆ. ಕಾಯಿಯನ್ನು ಮೊದಲು ಮುಷ್ಟಿಯೊಳಗೆ ಪೂರ್ತಿ ಮುಚ್ಚಿ, ಆಮೇಲೆ ಒತ್ತಬೇಕು. ಅಂಗೈಯೊಳಗೆ ಅದು ಮಿಡಿದು ಸುರುಳಿಯಾಗುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಮಕ್ಕಳಿಗೆ ಈ ಕೆಲಸ ಕೊಡಿ. ಸಸ್ಯಶಾಸ್ತ್ರದ ಪಾಠ ಮುಷ್ಟಿಯಲ್ಲೇ ಆಗಿಬಿಡುತ್ತದೆ.

ಚೆಂಡುಹೂ, ಜೀನಿಯಾಗಳನ್ನು ಗಿಡದಲ್ಲೇ ಕಂದಾಗುವವರೆಗೆ ಒಣಗಲು ಬಿಟ್ಟು, ಮಳೆಯಿಲ್ಲದ ದಿನ ಕಿತ್ತು, ನೆರಳಿನಲ್ಲಿ ವಾರ ಹತ್ತು ದಿನ ಆರಿಸಿ. ಬೀಜದ ಆಯುಷ್ಯವನ್ನು ತಿನ್ನುವುದು ತೇವ ಮತ್ತು ಬಿಸಿ. ಬೀಜದ ತೇವಾಂಶ ಶೇಕಡಾ ಒಂದರಷ್ಟು ಇಳಿದರೂ ಅದರ ಬಾಳಿಕೆ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜಶಾಸ್ತ್ರದವರು ಬಳಸುವ ಸ್ಥೂಲ ಲೆಕ್ಕ. ನಮ್ಮ ಹಿರಿಯರು ಬೂದಿ ಬೆರೆಸಿ ಮಡಕೆಯಲ್ಲಿ ಬೀಜ ಇಡುತ್ತಿದ್ದುದರ ಹಿಂದೆಯೂ ತೇವ ಕಳೆಯುವ ಜಾಣ್ಮೆ ಇತ್ತು. ಇಂದು ಕಾಗದದ ಪೊಟ್ಟಣ, ಬಿಗಿ ಮುಚ್ಚಳದ ಡಬ್ಬಿ, ತಂಪಾದ ಕಪಾಟು ಸಾಕು. ಪೊಟ್ಟಣದ ಮೇಲೆ ಹೂವಿನ ಹೆಸರು, ಬಣ್ಣ, ಬೀಜ ತೆಗೆದ ತಿಂಗಳು ಬರೆಯಿರಿ. ಬಿತ್ತಿದ ದಿನ, ಮೊಳೆತ ದಿನ, ಮೊದಲ ಹೂ ಬಿಟ್ಟ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ. ಮೂರು ವರ್ಷ ಹಾಗೆ ಬರೆದಿಟ್ಟರೆ ನಿಮ್ಮ ಟೆರೇಸಿನ ಬಿಸಿಲಿಗೆ, ನಿಮ್ಮ ಬೀದಿಯ ಗಾಳಿಗೆ ಹೊಂದುವ ಪಂಚಾಂಗ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ಯಾವ ಪುಸ್ತಕವೂ ಕೊಡಲಾರದು.

ಬೀಜಕ್ಕೆ ಯಾವ ಗಿಡವನ್ನು ಬಿಡಬೇಕೆಂಬ ತೀರ್ಮಾನವನ್ನು ಹೂ ಮುಗಿಯುವ ಹೊತ್ತಿಗೆ ಮಾಡಬೇಡಿ. ಆಗ ಉಳಿದಿರುವುದು ಸಣ್ಣ, ಸೊರಗಿದ ಹೂಗಳು. ಗಿಡಗಳು ತುಂಬಿ ಅರಳಿರುವಾಗ, ಪೂಜೆಗೆ ಹೂ ಕೀಳುವ ಮೊದಲೇ, ರೋಗ ತಾಗದ, ಬಣ್ಣ ಚೆನ್ನಾಗಿರುವ ಎರಡು ಮೂರು ಗಿಡ ಆರಿಸಿ ಒಂದೊಂದಕ್ಕೂ ಬಣ್ಣದ ದಾರ ಕಟ್ಟಿ. ಮನೆಯವರಿಗೆಲ್ಲ ಹೇಳಿಡಿ: ದಾರ ಕಟ್ಟಿದ ಗಿಡದ ಹೂ ಯಾರೂ ಕೀಳಬಾರದು, ಅದು ಬರುವ ವರ್ಷದ್ದು.